ಪದಬಂಧದೊಳಗಿನ ಗುಟ್ಟು ಬಿಡಿಸುವ ಬಗೆ

ಪದಬಂಧ ಬಿಡಿಸುವವರಲ್ಲಿ ಹೆಚ್ಚಿನವರು ಕೊನೆಯ ಮನೆ ತುಂಬಿದ ಕೂಡಲೇ ಪೆನ್ಸಿಲ್ ಕೆಳಗಿಟ್ಟುಬಿಡುತ್ತಾರೆ. ಮಾಮೂಲಿ ಪದಬಂಧಕ್ಕೆ ಅದು ಸರಿಯೇ. ಆದರೆ ಇನ್ನೊಂದು ಜಾತಿಯ ಪದಬಂಧವಿದೆ. ಅದರಲ್ಲಿ ಉತ್ತರಗಳೆಲ್ಲ ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ. ಈ ಪದಗಳೇ ಯಾಕೆ? ಬೇರೆ ಪದ ಯಾಕಲ್ಲ? ಕಟ್ಟಿದವರು ಕೆಲವು ಉತ್ತರಗಳ ಒಳಗೆ ಇನ್ನೇನನ್ನೋ ಬಚ್ಚಿಟ್ಟಿರುತ್ತಾರೆ. ಆ ಉತ್ತರಗಳ ಸುಳಿವುಗಳು ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಇಂಗ್ಲಿಷಿನವರು ಇದನ್ನು ಥೀಮ್ ಅನ್ನುತ್ತಾರೆ. ನಮ್ಮ ಬಳಗದಲ್ಲಿ ನಾವು ಸುಮ್ನೆ ಗುಟ್ಟು ಅನ್ನುತ್ತೇವೆ.

ಮುಂಬಯಿ ಕನ್ನಡಿಗರಲ್ಲಿ ಪದಬಂಧದ ಹುಚ್ಚಿನವರು ಕಡಿಮೆಯೇನಿಲ್ಲ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ, ಮಡಿಲ ಬ್ಯಾಗಿನ ಮೇಲೆ ಪತ್ರಿಕೆ ಮಡಚಿಟ್ಟುಕೊಂಡು ಕುರ್ಲಾ ಬರುವಷ್ಟರಲ್ಲಿ ಮುಗಿಸಿಬಿಡುವ ಹೆಂಗಸರಿದ್ದಾರೆ. ಮಾಟುಂಗಾದಲ್ಲಿ ಸೇರುವ ನಮ್ಮ ಸಣ್ಣ ಕನ್ನಡ ಬಳಗದಲ್ಲೂ ಇಂಥವರು ಇದ್ದಾರೆ. ಅವರಿಗಾಗಿ ಒಂದು ರಾಜ್ಯೋತ್ಸವಕ್ಕೆ ನಾನು ಗುಟ್ಟಿರುವ ಪದಬಂಧ ಕಟ್ಟಿದೆ. ವೇಗವಾಗಿ ಬಿಡಿಸುವವರೇ ಅದರಲ್ಲಿ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡರು. ಯಾಕೆ ಅಂತ ಯೋಚಿಸಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು. ಸುಳಿವು ಬಿಡಿಸುವಾಗ ನಾವು ಅರ್ಥ ಹುಡುಕುತ್ತೇವೆ. ಗುಟ್ಟು ಬಿಡಿಸುವಾಗ ಅರ್ಥ ಮರೆತು ಅಕ್ಷರ ನೋಡಬೇಕು. ಕನ್ನಡ ಚೆನ್ನಾಗಿ ಬಲ್ಲವರಿಗೆ ಈ ಎರಡನೆಯದೇ ಕಷ್ಟ.

ಆ ಪದಬಂಧದ ಮುಖ್ಯ ಸುಳಿವುಗಳನ್ನು ಇಲ್ಲಿ ಕೊಡುತ್ತೇನೆ. ಮುಂದೆ ಓದುವ ಮೊದಲು ಒಂದು ಕೈ ನೋಡಿ. ಕಂಸದಲ್ಲಿರುವುದು ಅಕ್ಷರಗಳ ಲೆಕ್ಕ.

ಎಡದಿಂದ ಬಲಕ್ಕೆ, ನಾಲ್ಕು ಮೂಲೆಗಳಲ್ಲಿ:
ವಯಸ್ಸಾದವರಿಗೆ ಹೆಚ್ಚು, ಸಾಲ ಪಡೆದವರಿಗೆ ಇನ್ನೂ ಹೆಚ್ಚು (3)
ಚೌಕಾಬಾರಕ್ಕೂ ಬೇಕು, ಜ್ಯೋತಿಷ್ಯಕ್ಕೂ ಬೇಕು (3)
ನಾಲಿಗೆಗೆ ಇದು ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ (3)
ನೆಟ್ಟಗೆ ನಿಲ್ಲದೆ ಅತ್ತಿತ್ತ ವಾಲು (3)

ನಡುವಿನ ಸಾಲಿನಲ್ಲಿ:
ದೊಡ್ಡ ಹಗರಣ ಬಯಲಾದಾಗ ವಿರೋಧ ಪಕ್ಷದವರು ಕೇಳುವುದು. ನಾಲ್ಕು ಮೂಲೆಯವರೂ ಇದನ್ನು ಕೊಟ್ಟರೆ ಹೊಟ್ಟೆ ತುಂಬೀತು (4)

ಮೇಲಿನಿಂದ ಕೆಳಕ್ಕೆ:
ಖರ್ಚು (2)
ಸದ್ದು ತಿರುಗಿ ನಿಂತರೆ ಮದುವೆಯ ಗಂಡು (2)
ಮತ್ತೆ ಬಾರದ ವಯಸ್ಸು (2)
ಪೀಡಿಸುವ ಅರಣ್ಯ (2)

ಎಲ್ಲಿಂದ ಶುರು ಮಾಡಬೇಕು? ಸಣ್ಣದರಿಂದ, ಖಚಿತವಾಗಿರುವುದರಿಂದ. ಖರ್ಚು ಅಂದರೆ ವೆಚ್ಚ. ಮತ್ತೆ ಬಾರದ ವಯಸ್ಸು ಬಾಲ್ಯ. 'ಪೀಡಿಸುವ ಅರಣ್ಯ' ಶ್ಲೇಷೆಯ ಸುಳಿವು. ಕಾಡು ಅಂದರೆ ಅರಣ್ಯವೂ ಹೌದು, ಪೀಡಿಸು ಎಂಬ ಕ್ರಿಯಾಪದವೂ ಹೌದು. ಇನ್ನು ಸದ್ದು ಅಂದರೆ ರವ. ಅದು ತಿರುಗಿ ನಿಂತರೆ ವರ. ಸುಳಿವಿನಲ್ಲಿ ತಿರುಗು, ಮಗುಚು, ಪಲ್ಟಿ ಹೊಡೆ, ಶೀರ್ಷಾಸನ ಹಾಕು ಅನ್ನುವ ಮಾತು ಬಂದರೆ ಪದವನ್ನು ಹಿಂದಿನಿಂದ ಮುಂದಕ್ಕೆ ಓದಿ ನೋಡಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ರವ ಎಂಬುದನ್ನು ತಿರುಗಿಸಿದಾಗ ವರ ಬಂತು. ನದಿಯನ್ನು ತಿರುಗಿಸಿದರೆ ದಿನ. ವಿಕಟಕವಿ ಮತ್ತು ನವಜೀವನ ಎತ್ತ ಕಡೆಯಿಂದ ಓದಿದರೂ ಒಂದೇ. ಇವೆಲ್ಲ ನಡೆಯುವುದು ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಕೂರುವುದರಿಂದ. ಸ್ವರಚಿಹ್ನೆ, ಒತ್ತಕ್ಷರ, ಸೊನ್ನೆ ಎಲ್ಲ ಸೇರಿ ಒಂದೇ ಮನೆ. ದಂತ ಎರಡು ಮನೆ, ಶಾಸ್ತ್ರ ಎರಡು ಮನೆ, ಸ್ವಾತಂತ್ರ್ಯ ಮೂರೇ ಮನೆ. ಇಂಗ್ಲಿಷ್ ಪದಬಂಧದಲ್ಲಿ ಒಂದು ಮನೆಗೆ 26ರಲ್ಲಿ ಒಂದು ಬರುತ್ತದೆ. ನಮ್ಮಲ್ಲಿ ಕಾಗುಣಿತ ಸೇರಿಸಿದರೆ ನೂರಾರು, ಒತ್ತಕ್ಷರವೂ ಸೇರಿದರೆ ಸಾವಿರ ದಾಟುತ್ತದೆ. ಕಟ್ಟುವವರಿಗೆ ಇದರಿಂದ ಕಷ್ಟ, ಯಾಕೆಂದರೆ ಎರಡು ಪದಗಳು ಒಂದೇ ಅಕ್ಷರದಲ್ಲಿ ಸೇರುವುದು ಸುಲಭವಲ್ಲ. ಬಿಡಿಸುವವರಿಗೆ ಮಾತ್ರ ಇದು ದೊಡ್ಡ ಲಾಭ. ಅಡ್ಡ ಬಂದ ಒಂದು ಅಕ್ಷರ ತುಂಬಾ ಹೇಳಿಬಿಡುತ್ತದೆ, ಅದರಲ್ಲೂ ಒತ್ತಕ್ಷರ.

ಈಗ ಮೂಲೆಗಳಿಗೆ ಬರೋಣ. ಮೊದಲ ಸುಳಿವಿಗೆ ನಮ್ಮ ಬಳಗದಲ್ಲಿ ಬಹಳ ಮಂದಿ ಬರೆದದ್ದು ಮರೆವು. ಮೂರು ಅಕ್ಷರ, ಅರ್ಥವೂ ಸರಿ. ಆದರೆ ಮೂರನೆಯ ಮನೆಯಿಂದ ಕೆಳಕ್ಕೆ 'ಖರ್ಚು' ಇಳಿಯುತ್ತದೆ. 'ವು' ಎಂದು ಶುರುವಾಗಿ ಖರ್ಚಿನ ಅರ್ಥ ಕೊಡುವ ಪದ ಎಲ್ಲಿದೆ? ವೆಚ್ಚ ಬರಬೇಕಾದರೆ ಅಲ್ಲಿ 'ವೆ' ಇರಬೇಕು. ಆಗ ಉತ್ತರ ಮರವೆ. ಮರೆವು ಎಂಬುದಕ್ಕೆ ಇನ್ನೊಂದು ರೂಪ. ಮೂರನೆಯ ಸುಳಿವಿಗೂ ಇದೇ ಕಥೆ. ಮೊದಲು ಹೊಳೆಯುವುದು ಚಪಲ. ಬಾಯಿಚಪಲ ಅಂತ ದಿನಾ ಹೇಳುತ್ತೇವಲ್ಲ. ಆದರೆ ಮೂರನೆಯ ಮನೆಗೆ ಮೇಲಿನಿಂದ ಬಾಲ್ಯ ಇಳಿದು ಬಂದು 'ಲ್ಯ' ಇಟ್ಟಿದೆ. ಹಾಗಾದರೆ ಚಾಪಲ್ಯ. 'ಲ್ಯ'ದಲ್ಲಿ ಕೊನೆಯಾಗುವ ಪದಗಳು ಎಷ್ಟಿವೆ? ಬಾಲ್ಯ, ಮೌಲ್ಯ, ತುಲ್ಯ, ಶಲ್ಯ, ವೈಫಲ್ಯ, ಹೀಗೆ ಎಣಿಸುತ್ತಾ ಹೋದರೆ ಬೇಗ ಮುಗಿದುಹೋಗುತ್ತದೆ. ಅದಕ್ಕೇ ನಾನು ಹೊಸಬರಿಗೆ ಹೇಳುವುದು: ಒತ್ತಕ್ಷರ ಸಿಕ್ಕಿದ ಕಡೆ ಮೊದಲು ನುಗ್ಗಿ. ಬರೀ 'ರ', 'ಕ', 'ನ' ಸಿಕ್ಕಿದ ಮನೆಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಎರಡನೆಯದು ಕವಡೆ. ಇದರಲ್ಲಿ ಗೊಂದಲವಿಲ್ಲ, ನಡುವೆ ವರ ಕೂಡ ಸರಿಯಾಗಿ ಸೇರುತ್ತಾನೆ.

ಸಿಕ್ಕು ಇರುವುದು ನಾಲ್ಕನೆಯದರಲ್ಲಿ. ನೆಟ್ಟಗೆ ನಿಲ್ಲದೆ ಅತ್ತಿತ್ತ ವಾಲು ಅಂದರೆ ತೂರಾಡು. ಎಲ್ಲರೂ ಅದನ್ನೇ ಬರೆದರು. ಕೊನೆಯ ಮನೆಗೆ ಕಾಡು ಬಂದು 'ಡು' ಕೊಟ್ಟಿದೆ, ಅದೂ ಹೊಂದುತ್ತದೆ. ಅಲ್ಲಿಗೆ ಮನೆಗಳೆಲ್ಲ ತುಂಬಿದವು. ಅಡ್ಡ ಪದಗಳು ಯಾವ ತಕರಾರನ್ನೂ ಎತ್ತಲಿಲ್ಲ. ಆದರೂ ಅದು ತಪ್ಪು ಉತ್ತರ.

ತಪ್ಪು ಅಂತ ಹೇಳುವುದು ನಡುವಿನ ಸಾಲು. ಹಗರಣ ಬಯಲಾದಾಗ ವಿರೋಧ ಪಕ್ಷದವರು ಕೇಳುವುದು ತಲೆದಂಡ. ಪತ್ರಿಕೆ ಓದುವವರಿಗೆ ಇದು ಕಷ್ಟವಲ್ಲ, ಮಂತ್ರಿಗಳ ತಲೆದಂಡದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಗುಟ್ಟಿರುವ ಪದಬಂಧಗಳಲ್ಲಿ ಇಂಥ ಒಂದು ಸುಳಿವು ಸಾಮಾನ್ಯವಾಗಿ ಇರುತ್ತದೆ. ನಾವು ಅದನ್ನು ಕೀಲಿ ಅನ್ನುತ್ತೇವೆ. ಅದಕ್ಕೆ ತನ್ನದೇ ಉತ್ತರವಿರುತ್ತದೆ. ಜೊತೆಗೆ ಉಳಿದ ಉತ್ತರಗಳನ್ನು ಏನು ಮಾಡಬೇಕು ಎಂಬ ಸೂಚನೆಯೂ ಇರುತ್ತದೆ. ಅಮೆರಿಕದ ಪದಬಂಧಗಳಲ್ಲಿ ಕೀಲಿ ಹೆಚ್ಚಾಗಿ ಕೊನೆಯ ಕಡೆ, ಕೆಳಗಿನ ಸಾಲುಗಳಲ್ಲಿ ಸಿಗುತ್ತದೆ, ಬಿಡಿಸುವವರು ತಡವಾಗಿ ತಲುಪಲಿ ಅಂತ. ನಾನು ನಡುವೆ ಇಟ್ಟಿದ್ದೆ.

ನಾಲ್ಕು ಮೂಲೆಯವರೂ ತಲೆದಂಡ ಕೊಡಬೇಕು. ಕೊಟ್ಟರೆ ಹೊಟ್ಟೆ ತುಂಬುತ್ತದೆ. ಇಷ್ಟು ಸಿಕ್ಕ ಮೇಲೂ ನಮ್ಮವರು ಬಹಳ ಹೊತ್ತು ಅರ್ಥದ ದಾರಿಯಲ್ಲೇ ಅಲೆದರು. ಮರವೆ, ಕವಡೆ, ಚಾಪಲ್ಯ, ತೂರಾಡು. ಜೂಜಾಡಿ ಕುಡಿದು ಹಾಳಾದವನ ಕಥೆಯೇ ಇದು ಅಂತ ಒಬ್ಬರು. ಮಹಾಭಾರತದ ದ್ಯೂತವಿರಬೇಕು, ಅಲ್ಲಿ ತಲೆ ಹೋದವರು ಯಾರ್‍ಯಾರು ಅಂತ ಇನ್ನೊಬ್ಬರು. ಎರಡೂ ಒಳ್ಳೆಯ ಊಹೆಗಳೇ. ಆದರೆ ಊಹೆ ಅರ್ಥದಿಂದ ಹೊರಟಿತ್ತು.

ಬಿಡಿಸಿದ್ದು ನನ್ನ ಅಣ್ಣನ ಮಗಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದುವುದು ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು. ನನ್ನ ಪಕ್ಕ ಕೂತು ತುಂಬಿದ ಪದಬಂಧವನ್ನು ಬೆರಳಿಟ್ಟು ಓದುತ್ತಿದ್ದಳು.

"ಅತ್ತೆ, ಕವಡೆಯಲ್ಲಿ ವಡೆ ಇದೆ," ಅಂದಳು.

"ಇದೆ. ಒಂದರಲ್ಲಿದ್ದರೆ ಸಾಕಾ?"

"ಮ, ರ, ವೆ. ಇದರಲ್ಲಿ ರವೆ ಇದೆಯಲ್ಲ! ಮರವೆ ಅಂದ್ರೇನು ಅತ್ತೆ?"

ಅರ್ಥ ಆಮೇಲೆ ಕೇಳಿದಳು. ರವೆ ಮೊದಲು ಕಂಡಿತ್ತು. ನಮಗೆ ಮರವೆ ಅಂದ ಕೂಡಲೇ ಮರೆತುಹೋದ ಕೊಡೆ, ಮರೆತುಹೋದ ಹೆಸರು ಎಲ್ಲ ನೆನಪಾಗುತ್ತವೆ. ಅವಳ ಮುಂದೆ ಇದ್ದದ್ದು ಮೂರು ಅಕ್ಷರ ಅಷ್ಟೇ. ಆ ಮೂರು ಅಕ್ಷರದಲ್ಲಿ ಮೊದಲನೆಯದನ್ನು ತೆಗೆದರೆ ತಿನ್ನುವ ಸಾಮಾನು. ತಲೆ ಅಂದರೆ ಪದದ ಮೊದಲ ಅಕ್ಷರ. ಕವಡೆಯ ತಲೆ ಹೋದರೆ ವಡೆ. ಮರವೆಯ ತಲೆ ಹೋದರೆ ರವೆ. ಚಾಪಲ್ಯದ ತಲೆ ಹೋದರೆ ಪಲ್ಯ. ಚಾಪಲ್ಯದಲ್ಲಿ ಹೋದ ತಲೆಯೂ ಕೈಬಿಡಬೇಕಾದ್ದಲ್ಲ, ಮುಂಬಯಿಯಲ್ಲಿ ಚಾ ಇಲ್ಲದೆ ಯಾವ ತಿಂಡಿಯೂ ಮುಗಿಯುವುದಿಲ್ಲ. ಹಾಗಾದರೆ ತೂರಾಡುವಿನ ತಲೆ ತೆಗೆದರೆ? ರಾಡು. ತಿನ್ನುವಂಥದ್ದಲ್ಲ. ಅತ್ತಿತ್ತ ವಾಲು ಎಂಬ ಅರ್ಥ ಕೊಟ್ಟು, 'ಡು'ವಿನಲ್ಲಿ ಮುಗಿದು, ತಲೆ ಹೋದಾಗ ತಿಂಡಿ ಉಳಿಸುವ ಮೂರಕ್ಷರದ ಪದ ಯಾವುದು? ಓಲಾಡು. ತಲೆ ಹೋದರೆ ಲಾಡು.

ಗುಟ್ಟಿನ ನಿಜವಾದ ಉಪಯೋಗ ಕಾಣುವುದು ಇಲ್ಲಿ. ಬಹಳ ಜನ ಗುಟ್ಟನ್ನು ಹೆಚ್ಚುವರಿ ತೊಂದರೆ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಬಿಡಿಸುವವರಿಗೆ ಸಿಗುವ ದೊಡ್ಡ ಸಹಾಯ. ಎರಡು ಉತ್ತರಗಳಲ್ಲಿ ನಿಯಮ ಕಂಡಿತೆಂದರೆ ಉಳಿದ ಉತ್ತರಗಳಿಗೆ ಇನ್ನೊಂದು ಸುಳಿವು ಉಚಿತವಾಗಿ ಸಿಕ್ಕಂತೆ. ಸುಳಿವು, ಅಡ್ಡ ಪದ, ಗುಟ್ಟು, ಈ ಮೂರೂ ಒಪ್ಪುವ ಪದ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದಕ್ಕೇ ಎಲ್ಲ ಮನೆ ತುಂಬುವವರೆಗೆ ಕಾಯಬಾರದು. ಎರಡು ಅನುಮಾನದ ಪದ ಸಿಕ್ಕ ಕೂಡಲೇ ನಿಂತು ನೋಡಬೇಕು.

ಅನುಮಾನದ ಪದ ಅಂದರೆ? ಕಟ್ಟುವವರು ಸುಮ್ಮನೆ ಮರೆವು ಬಿಟ್ಟು ಮರವೆ ಹಾಕುವುದಿಲ್ಲ. ಚಪಲ ಬಿಟ್ಟು ಚಾಪಲ್ಯ ಹಾಕುವುದಿಲ್ಲ. ದಿನಬಳಕೆಯ ಪದ ಕೈಗೆ ಸಿಗುವಂತಿದ್ದರೂ ಅದರ ಪಕ್ಕದ ರೂಪ ಬಂದಿದೆ ಅಂದರೆ ಆ ರೂಪದ ಅಕ್ಷರಗಳೇ ಅವರಿಗೆ ಬೇಕಾಗಿದ್ದವು. ಜಾಗವನ್ನೂ ನೋಡಿ. ಗುಟ್ಟಿನ ಪದಗಳನ್ನು ಸಾಮಾನ್ಯವಾಗಿ ಒಂದಕ್ಕೊಂದು ಎದುರಾಗುವಂತೆ ಕೂರಿಸುತ್ತಾರೆ. ನಾಲ್ಕು ಮೂಲೆ, ಇಲ್ಲವೇ ಮೇಲಿನ ಮತ್ತು ಕೆಳಗಿನ ಉದ್ದ ಸಾಲುಗಳು. ಇಂಗ್ಲಿಷಿನಲ್ಲಿ ಉದ್ದದ ಉತ್ತರಗಳನ್ನು ಮೊದಲು ಅನುಮಾನಿಸಬೇಕು. ಕನ್ನಡದಲ್ಲಿ ಉದ್ದ ನಂಬಿಕೊಂಡರೆ ಆಗದು, ನಮ್ಮಲ್ಲಿ ಮೂರಕ್ಷರದಲ್ಲೇ ಬೇಕಾದಷ್ಟು ಆಟವಾಡಬಹುದು.

ಆಮೇಲೆ ಆ ಪದಗಳನ್ನು ಜೋರಾಗಿ ಓದಬೇಕು. ಕಣ್ಣು ಪದವನ್ನು ಒಂದೇ ಸಲಕ್ಕೆ ನುಂಗಿಬಿಡುತ್ತದೆ. ನಾಲಿಗೆ ಅಕ್ಷರ ಅಕ್ಷರವಾಗಿ ಹೋಗುತ್ತದೆ. ಮೊದಲ ಅಕ್ಷರ ಬಿಟ್ಟು ಓದಿ, ಕೊನೆಯದು ಬಿಟ್ಟು ಓದಿ, ಎರಡೂ ಬಿಟ್ಟು ನಡುವನ್ನು ಓದಿ, ತಿರುಗಿಸಿ ಓದಿ. ಎಲ್ಲ ಗುಟ್ಟಿನ ಪದಗಳ ಮೊದಲ ಅಕ್ಷರಗಳನ್ನು ಒಂದು ಕಡೆ ಬರೆದು ನೋಡಿ. ಇಷ್ಟರಲ್ಲೇ ಬಹುಪಾಲು ಗುಟ್ಟುಗಳು ಬಯಲಾಗುತ್ತವೆ.

ನಡುವಿನಲ್ಲಿ ಬಚ್ಚಿಡುವ ಆಟ ನನಗೆ ತುಂಬಾ ಇಷ್ಟ. ಎರಡು ಕಡೆಯೂ ಮುಚ್ಚಿರುವುದರಿಂದ ಅದು ಬೇಗ ಕಾಣುವುದಿಲ್ಲ. 'ಶಬ್ದಮಣಿದರ್ಪಣ ಬರೆದ ವೈಯಾಕರಣಿ (4)' ಅಂದರೆ ಕೇಶಿರಾಜ. 13ನೇ ಶತಮಾನದ ಹಳಗನ್ನಡ ವ್ಯಾಕರಣಕಾರ. ಅವನ ಹೆಸರಿನ ನಡುವೆ ಶಿರಾ ಇದೆ! ಬೆಂಗಳೂರಿನವರಿಗೆ ಶಿರಾ ಅಂದರೆ ತುಮಕೂರು ಕಡೆಯ ಊರು. ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಅದು ತಟ್ಟೆಗೆ ಬರುವ ಸಿಹಿ. ಹಾಗಾಗಿ ಊರುಗಳ ಗುಟ್ಟಿಗೂ ಅವನನ್ನು ಬಳಸಬಹುದು, ತಿಂಡಿಗಳ ಗುಟ್ಟಿಗೂ ಬಳಸಬಹುದು. ಬಿಡಿಸುವವರು ಎಲ್ಲಿಯವರು ಅನ್ನುವುದರ ಮೇಲೆ ಯಾವುದು ಮೊದಲು ಕಾಣುತ್ತದೆ ಅನ್ನುವುದು ನಿಂತಿದೆ. ನನ್ನ ತಲೆದಂಡದ ಪದಬಂಧದಲ್ಲಿ ಮಾತ್ರ ಅವನಿಗೆ ಜಾಗವಿರಲಿಲ್ಲ. ಅವನ ತಲೆ ತೆಗೆದರೆ ಶಿರಾಜ ಆಗುತ್ತದೆ, ನಿಯಮ ಮುರಿಯುತ್ತದೆ.

ನಿಯಮದ ವಿಷಯದಲ್ಲಿ ನಾನು ಬಿಗಿ. ಒಂದು ಪದ ತಲೆ ಕೊಟ್ಟರೆ ಎಲ್ಲವೂ ತಲೆಯನ್ನೇ ಕೊಡಬೇಕು. ಒಂದರಲ್ಲಿ ತಲೆ, ಇನ್ನೊಂದರಲ್ಲಿ ಬಾಲ ಅಂದರೆ ಬಿಡಿಸುವವರಿಗೆ ಮೋಸ. ಹಾಗೆಯೇ ಬೇರೆ ಉತ್ತರಗಳಲ್ಲಿ ಅದೇ ನಿಯಮ ಆಕಸ್ಮಿಕವಾಗಿಯೂ ಬರಬಾರದು. ನನ್ನ ಪದಬಂಧದಲ್ಲಿ ಬೈರಾಗಿ ಎಂಬ ಪದ ಎಲ್ಲೋ ಒಂದು ಕಡೆ ಬಂದುಬಿಟ್ಟಿದ್ದರೆ? ಅವನ ತಲೆ ತೆಗೆದರೆ ರಾಗಿ. ಐದನೆಯವನು ಮೂಲೆ ಬಿಟ್ಟು ಇಲ್ಲೇಕೆ ಕೂತ ಅಂತ ಬಿಡಿಸುವವರು ತಲೆ ಕೆಡಿಸಿಕೊಳ್ಳುತ್ತಿದ್ದರು.

ಕನ್ನಡದಲ್ಲಿ ಬಚ್ಚಿಡುವವರಿಗೆ ಲಿಪಿಯೇ ಒಂದು ಕಟ್ಟು ಹಾಕಿದೆ. ಇಡ್ಲಿಯನ್ನು ತಲೆದಂಡದ ಆಟಕ್ಕೆ ತರಲು ಆಗುವುದೇ ಇಲ್ಲ. ಉಪ್ಪಿಟ್ಟು, ಅನ್ನ, ಅವಲಕ್ಕಿ ಯಾವುದನ್ನೂ ಆಗುವುದಿಲ್ಲ. ಇವೆಲ್ಲ ಸ್ವರದಿಂದ ಶುರುವಾಗುವ ಪದಗಳು. ಕನ್ನಡ ಪದದ ನಡುವೆ ಬಿಡಿ ಸ್ವರ ಬರುವುದು ತೀರಾ ಅಪರೂಪ. ಅದು ಹಿಂದಿನ ವ್ಯಂಜನಕ್ಕೆ ಕೊಂಬೋ ಗುಡಿಸೋ ಆಗಿ ಅಂಟಿಕೊಂಡುಬಿಡುತ್ತದೆ. ಎರಡು ಪದಗಳ ಉತ್ತರವಾದರೆ ಮಾತ್ರ ದಾರಿಯಿದೆ. ಬಿಡಿಸುವವರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಒಂದು ಪದದ ಹೊಟ್ಟೆಯಲ್ಲಿ ಇಡ್ಲಿ ಹುಡುಕುತ್ತಾ ಕೂರಬೇಡಿ. ಸ್ಟೇಷನ್ ಹೆಸರುಗಳಿಗೆ ಬೇರೆ ತೊಡಕು. ದಾದರ್, ಮುಲುಂಡ್, ವಿರಾರ್ ಎಲ್ಲ ಅರ್ಧಾಕ್ಷರದಲ್ಲಿ ನಿಲ್ಲುತ್ತವೆ. ಅಂಥ ಕೊನೆ ನಮ್ಮ ಪದಗಳ ನಡುವೆ ಸಿಗುವುದಿಲ್ಲ, ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರಿಹೋಗುತ್ತದೆ. ಸ್ವರದಲ್ಲಿ ನಿಲ್ಲುವ ಹೆಸರುಗಳು ಒದಗುತ್ತವೆ. ದಿವಾ ಸ್ಟೇಷನ್ ದಿವಾಳಿಯಲ್ಲೂ ಇದೆ, ದಿವಾಕರನಲ್ಲೂ ಇದೆ.

ಶ್ಲೇಷೆಯನ್ನೇ ಗುಟ್ಟು ಮಾಡುವುದು ಇನ್ನೊಂದು ಬಗೆ. ಇಲ್ಲಿ ಅಕ್ಷರ ಹಾಗೇ ಇರುತ್ತದೆ, ಅರ್ಥ ಮಾತ್ರ ಜಾಗ ಬದಲಿಸುತ್ತದೆ. 'ಪಕ್ಕದ ಮನೆಗೆ ನುಗ್ಗಿದ ನೀರು (2)' ಅಂದರೆ ನೆರೆ. ಜುಲೈ ತಿಂಗಳ ಮುಂಬಯಿ ನೋಡಿದವರಿಗೆ ಬೇಗ ಹೊಳೆಯುತ್ತದೆ. ಅರಸು, ಆಡು, ಹರಿ, ಸಾರು, ಎಲ್ಲವೂ ಒಂದು ಕಡೆ ಹೆಸರು, ಇನ್ನೊಂದು ಕಡೆ ಕೆಲಸ. ಇಂಥ ನಾಲ್ಕೈದು ಪದಗಳಿಗೆ ಹೆಸರಿನ ಅರ್ಥದಲ್ಲಿ ಸುಳಿವು ಕೊಟ್ಟು, ಕೀಲಿಯಲ್ಲಿ ಮಾತ್ರ 'ಕೆಲಸಕ್ಕೆ ಹಚ್ಚು' ಅಂದರೆ ಸಾಕು, ಇಡೀ ಪದಬಂಧ ಮಗ್ಗುಲು ಬದಲಿಸುತ್ತದೆ.

ತಲೆ ತೆಗೆಯುವ ಆಟ ಇಂಗ್ಲಿಷಿನಿಂದ ಎರವಲು ತಂದದ್ದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಪದಬಂಧದ ಚೌಕಗಳು ಅಲ್ಲಿಂದ ಬಂದದ್ದು ನಿಜ. ಆರ್ಥರ್ ವಿನ್ ಎಂಬ ಲಿವರ್‌ಪೂಲ್ ಮೂಲದ ಪತ್ರಕರ್ತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರದ ಆಕಾರದ ಮೊದಲ ಪದಬಂಧ ಪ್ರಕಟಿಸಿದ. ಆದರೆ ಅಕ್ಷರ ಕಳಚಿ ಇನ್ನೊಂದು ಪದ ಹೊರಡಿಸುವ ಆಟಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ಅಕ್ಷರಚ್ಯುತಕ ಅಂತ. 7ನೇ ಶತಮಾನದ ಸಂಸ್ಕೃತ ಕವಿ ಬಾಣಭಟ್ಟ ತನ್ನ 'ಕಾದಂಬರಿ'ಯಲ್ಲಿ ಶೂದ್ರಕ ರಾಜ ಹೊತ್ತು ಕಳೆಯುತ್ತಿದ್ದ ಆಟಗಳನ್ನು ಹೇಳುವಾಗ ಇದನ್ನೂ ಹೇಳುತ್ತಾನೆ. ಜೊತೆಗೆ ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಳಿಕೆ. ಪ್ರಹೇಳಿಕೆ ಅಂದರೆ ಒಗಟು. ಮಾತ್ರಾಚ್ಯುತಕ ಅಂದರೆ ಸ್ವರದ ಗುರುತನ್ನು ಕಳಚುವುದು. ಬಿಂದುಮತಿಯಲ್ಲಿ ಅಕ್ಷರಗಳ ಜಾಗದಲ್ಲಿ ಚುಕ್ಕಿಗಳನ್ನಿಟ್ಟು ಪದ್ಯ ಯಾವುದು ಅಂತ ಕೇಳುತ್ತಾರೆ. ಖಾಲಿ ಮನೆಗಳ ಆಟಕ್ಕೆ ಇದು ಎಷ್ಟು ಹತ್ತಿರ, ಅಲ್ವಾ? ಅಕ್ಷರಗಳನ್ನು ಚಿತ್ರದ ಆಕಾರದಲ್ಲಿ ಕೂರಿಸುವ ಚಿತ್ರಕಾವ್ಯದ ಪದ್ಮಬಂಧ, ನಾಗಬಂಧಗಳಲ್ಲೂ ಒಂದೇ ಅಕ್ಷರ ಎರಡು ಮೂರು ಓದಿಗೆ ಒದಗುತ್ತದೆ. ನಮ್ಮವರು ಗುಟ್ಟಿನ ಪದಬಂಧ ಕಟ್ಟಲು ಕೂತರೆ ಹಿಂದೆ ಇಷ್ಟು ದೊಡ್ಡ ಗಂಟು ಇದೆ.

ಹೊರಗಿನವರಿಂದ ಕಲಿಯಬೇಕಾದದ್ದೂ ಇದೆ. ಗುಟ್ಟನ್ನು ಎಷ್ಟು ದೂರ ಎಳೆಯಬಹುದು ಅನ್ನುವುದನ್ನು ಅವರು ತೋರಿಸಿದ್ದಾರೆ. 1996ರ ನವೆಂಬರ್ 5, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ದಿನ. ಕಣದಲ್ಲಿ ಬಿಲ್ ಕ್ಲಿಂಟನ್ ಮತ್ತು ಬಾಬ್ ಡೋಲ್. ಆ ದಿನದ 'ನ್ಯೂಯಾರ್ಕ್ ಟೈಮ್ಸ್' ಪದಬಂಧದಲ್ಲಿ ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಏನು ಅಂತ ಕೇಳಿತ್ತು. ಯಾರೋ ಗೆದ್ದರು ಎಂಬುದು ಉತ್ತರ. ಗೆದ್ದವರ ಹೆಸರಿಗೆ ಏಳು ಮನೆ. ಇಂಗ್ಲಿಷಿನಲ್ಲಿ ಕ್ಲಿಂಟನ್ ಅಂತ ಬರೆದರೂ ಏಳು, ಬಾಬ್ ಡೋಲ್ ಅಂತ ಬರೆದರೂ ಏಳು. ಅಡ್ಡ ಪದಗಳು ಹೇಳಲಿ ಅಂತ ನೋಡಿದರೆ ಅವೂ ಎರಡಕ್ಕೂ ಒಪ್ಪುತ್ತಿದ್ದವು. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ ಎಂಬ ಸುಳಿವಿಗೆ ಕ್ಯಾಟ್ (ಬೆಕ್ಕು) ಬರೆದರೆ ಮೊದಲ ಅಕ್ಷರ ಕ್ಲಿಂಟನ್‌ಗೆ ಹೊಂದುತ್ತದೆ, ಬ್ಯಾಟ್ (ಬಾವಲಿ) ಬರೆದರೆ ಬಾಬ್ ಡೋಲ್‌ಗೆ. ಏಳು ಮನೆಗಳಿಗೂ ಹೀಗೆ ಜೋಡಿ ಉತ್ತರ. ಕಟ್ಟಿದವರು ಜೆರೆಮಯಾ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು. ಅಲ್ಲಿ ತಪ್ಪು ಉತ್ತರವೇ ಇರಲಿಲ್ಲ. ಅನುಮಾನವೇ ಗುಟ್ಟಾಗಿತ್ತು.

ಕೀಲಿಯೇ ಇಲ್ಲದ ಗುಟ್ಟೂ ಇರುತ್ತದೆ. ಅದಕ್ಕೆ ಬ್ರಿಟನ್ನಿನ ಪದಬಂಧದವರು ನೀನಾ ಅನ್ನುತ್ತಾರೆ. ವ್ಯಂಗ್ಯಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ತನ್ನ ಮಗಳು ನೀನಾಳ ಹೆಸರನ್ನು ಚಿತ್ರದ ಗೆರೆಗಳಲ್ಲಿ, ಕೂದಲಲ್ಲಿ, ಉಡುಗೆಯ ಮಡಿಕೆಗಳಲ್ಲಿ ಬಚ್ಚಿಡುತ್ತಿದ್ದ. ಆ ಹೆಸರೇ ಇದಕ್ಕೆ ನಿಂತಿತು. ನೀನಾ ಹುಡುಕಬೇಕಾದರೆ ಅಂಚಿನ ಸಾಲುಗಳನ್ನು ಸುತ್ತಲೂ ಓದಿ, ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓದಿ, ಅಡ್ಡ ಪದ ತಾಗದೆ ಉಳಿದ ಮನೆಗಳನ್ನು ಸಾಲಾಗಿ ಓದಿ. ಏನೂ ಸಿಗದಿದ್ದರೆ ಪ್ರಾಯಶಃ ಏನೂ ಇಲ್ಲ.

ನನ್ನ ಮಟ್ಟಿಗೆ ಗುಟ್ಟಿನ ಪದಬಂಧ ಎಂಬುದು ಎಷ್ಟು ಗಂಭೀರವಾದ ವಸ್ತು ಅಂತ ತೋರಿಸಿದವರು ಜಾನ್ ಗ್ರಹಾಂ. ಅರೌಕೇರಿಯಾ ಎಂಬ ಹೆಸರಿನಲ್ಲಿ 'ಗಾರ್ಡಿಯನ್' ಪತ್ರಿಕೆಗೆ ದಶಕಗಳ ಕಾಲ ಪದಬಂಧ ಕಟ್ಟಿದ ಪಾದ್ರಿ. 2013ರ ಜನವರಿಯಲ್ಲಿ, 91ನೇ ವಯಸ್ಸಿನಲ್ಲಿ, ಅವರೊಂದು ಪದಬಂಧ ಕೊಟ್ಟರು. ಮೇಲೆ ಒಂದು ಸೂಚನೆ ಇತ್ತು: ಅರೌಕೇರಿಯಾಗೆ ಇಷ್ಟನೆಯ ಸುಳಿವಿನ ಉತ್ತರ ಬಂದಿದೆ, ಅದಕ್ಕೆ ಇಂತಿಂಥ ಉತ್ತರಗಳ ಚಿಕಿತ್ಸೆ ನಡೆದಿದೆ ಅಂತ. ಅಂಕಿಗಳು ಮಾತ್ರ ಇದ್ದವು, ಪದ ಇರಲಿಲ್ಲ. ಬಿಡಿಸುತ್ತಾ ಹೋದವರಿಗೆ ಒಂದೊಂದಾಗಿ ಸಿಕ್ಕಿದ್ದು ಕ್ಯಾನ್ಸರ್, ಅನ್ನನಾಳ, ನೋವು ತಗ್ಗಿಸುವ ಆರೈಕೆ. ತಮ್ಮ ಕಾಯಿಲೆಯ ಸುದ್ದಿಯನ್ನು ಅವರು ಓದುಗರಿಗೆ ಹೀಗೆ ತಿಳಿಸಿದರು. ವರ್ಷಗಟ್ಟಲೆ ಅವರ ಸುಳಿವುಗಳ ಜೊತೆ ಬೆಳಗಿನ ಚಹಾ ಕುಡಿದವರಿಗೆ ಅದು ಕಾಗದ ಬಂದ ಹಾಗೆ ಬಂತು. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ನಿಮ್ಮ ಸರದಿ. ಉತ್ತರ ಕೊಡುವುದಿಲ್ಲ. ನಿಯಮ ಎಲ್ಲದಕ್ಕೂ ಒಂದೇ, ಆದರೆ ಹಿಂದಿನದಲ್ಲ. ಕೀಲಿ ಕೊನೆಯದು. ಅದನ್ನು ಬಿಡಿಸಿದ ಮೇಲೆ ನಿಧಾನಕ್ಕೆ ಒಡೆದು ಓದಿ. ಅದರಲ್ಲೂ ಶ್ಲೇಷೆ ಇದೆ.

ಆನೆ ಇವನ ಮಾತು ಕೇಳುತ್ತದೆ (3)
ಡಾಕ್ಟರ ಬಾಗಿಲಿಗೆ ಕರೆದೊಯ್ಯುವುದು (3)
ಮೊಲದ ಮೈಯ ಮೆತ್ತನೆ ಹೊದಿಕೆ (3)
ಎಳೆಯ ಮಕ್ಕಳಿಗೆ ತಗಲುತ್ತದೆಂದು ಅಜ್ಜಿಯರು ಹೆದರುತ್ತಿದ್ದ ಪೀಡೆ. ಮೇಲಿನ ಮೂರಕ್ಕೂ ಹಿಡಿದಿದೆ (4)

ಮೂರೂ ಸಿಕ್ಕ ಮೇಲೆ ಅದೇ ನಿಯಮಕ್ಕೆ ಒಪ್ಪುವ ನಾಲ್ಕನೆಯ ಪದವನ್ನು ನೀವೇ ಹುಡುಕಿ, ಅದಕ್ಕೊಂದು ಸುಳಿವು ಬರೆಯಿರಿ.